ಸಹಾಯ ಬೇಕು: ನಿಲ್ಲಬೇಕಾದಲ್ಲಿ ನಿಲ್ಲದೆ ಇಳಿಯುತ್ತಿರುವ ಬಿಯರಿನ ಸಾಂದ್ರತೆ

ಮನೆಯಲ್ಲಿ ತಯಾರಿಸುತ್ತಿರುವ ಏಲ್ ಬಿಯರಿನ ಹುದುಗುವಿಕೆ ನನಗೆ ಅರ್ಥವಾಗದ ರೀತಿಯಲ್ಲಿ ಸಾಗಿರುವುದರಿಂದ ಅನುಭವಿಗಳ ಅಭಿಪ್ರಾಯವನ್ನು ಕೋರುತ್ತಿದ್ದೇನೆ. ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) 67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇರಿಸಿ ತೆಗೆದ ರಸದ ಆರಂಭಿಕ ಸಾಂದ್ರತೆ (ನೀರನ್ನು 1.000 ಎಂದಿಟ್ಟುಕೊಂಡ ಅಳತೆ; ಯೀಸ್ಟ್ ಸಕ್ಕರೆಯನ್ನು ತಿಂದಂತೆ ಇಳಿಯುತ್ತದೆ) 1.050 ಇತ್ತು, ಬಳಸಿದ ಯೀಸ್ಟಿನ ಗುಣವನ್ನು ನೋಡಿ ಅದು 1.012ರ ಆಸುಪಾಸಿನಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕಿದ್ದೆ. ಎಂಟನೆಯ ದಿನ ಅಷ್ಟಕ್ಕೇ ಬಂದಿತ್ತು. ಆದರೆ ನಂತರದ ಮೂರು ವಾರಗಳಲ್ಲಿ ನಿಧಾನವಾಗಿ ಇಳಿಯುತ್ತಾ 1.003 ತಲುಪಿದೆ, ಗುಳ್ಳೆಗಳೂ ಪೂರ್ತಿ ನಿಂತಿಲ್ಲ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 20 ಡಿಗ್ರಿಯ ಶುದ್ಧ ನೀರಿನಲ್ಲಿ ಸರಿಯಾಗಿ 1.000 ತೋರಿಸುತ್ತದೆ. ಹುಳಿಯಾಗಲಿ ಮೇಲೆ ಪೊರೆಯಾಗಲಿ ಇಲ್ಲ. ರುಚಿ ತೆಳುವಾಗಿದ್ದು, ಲವಂಗದಂಥ ವಾಸನೆ ಬರುತ್ತಿದೆ.

ಇದೇ ಪ್ಲಾಸ್ಟಿಕ್ ಪಾತ್ರೆಯಲ್ಲಿ ಹಿಂದಿನ ಬಾರಿ ಸೇಸನ್ ಎಂಬ ಬೆಲ್ಜಿಯಂ ಶೈಲಿಯ ಬಿಯರ್ ಮಾಡಿದ್ದೆ. ಅನೇಕ ಸೇಸನ್ ಯೀಸ್ಟ್‌ಗಳು ಡಯಾಸ್ಟಾಟಿಕಸ್ ಬಗೆಗೆ ಸೇರಿದವು, ಅಂದರೆ ಸಾಮಾನ್ಯ ಯೀಸ್ಟ್ ಬಿಟ್ಟುಬಿಡುವ, ಸಕ್ಕರೆಯ ಉದ್ದ ಸರಪಳಿಗಳಾದ ಡೆಕ್ಸ್‌ಟ್ರಿನ್‌ಗಳನ್ನೂ ತಮ್ಮ ಕಿಣ್ವದಿಂದ ಒಡೆದು ಸಕ್ಕರೆಯಾಗಿಸಿ ತಿನ್ನುವಂಥವು ಎಂಬುದರಿಂದ, ಪಾತ್ರೆಯ ಗೀರುಗಳಲ್ಲಿ ಉಳಿದ ಅದೇ ಯೀಸ್ಟ್ ಇಲ್ಲಿಯೂ ಸೇರಿಕೊಂಡಿದೆಯೆಂದು ನನ್ನ ಬಲವಾದ ಅನುಮಾನ. ಕಾಡು ಯೀಸ್ಟಿನ ಸೋಂಕಿನಿಂದ ಇದನ್ನು ಮನೆಯಲ್ಲೇ ಬೇರ್ಪಡಿಸಿ ಗುರುತಿಸಲು ಸಾಧ್ಯವೇ? ಈಗಲೇ ತುಂಬಿಸಿದರೆ ಒತ್ತಡಕ್ಕೆ ಬಾಟಲಿಗಳು ಒಡೆಯಬಹುದೆಂಬ ಭಯವಿರುವುದರಿಂದ, ಸಾಂದ್ರತೆ ಎಷ್ಟು ದಿನ ಕದಲದೆ ನಿಂತ ಮೇಲೆ ತುಂಬಿಸುವುದು ಸುರಕ್ಷಿತವೆಂದು ದಯವಿಟ್ಟು ತಿಳಿಸಿ.