ಅತ್ತರು ಸಂಗ್ರಹ: ಹದಿನಾಲ್ಕು ಸೀಸೆಗಳಾದ ಮೇಲೆ ಹುಟ್ಟಿದ ಅನುಮಾನಗಳು

ಪ್ರಶ್ನೆ — ಕಾಲೇಜು ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ಶರಣು.

ಕಳೆದ ವರ್ಷ ಉರುಸಿನ ಹೊತ್ತಿನಲ್ಲಿ ಬಂದೇನವಾಜ್ ದರ್ಗಾದ ಹತ್ತಿರ ಗೆಳೆಯನೊಬ್ಬನಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದ ಅತ್ತರಿನ ಅಂಗಡಿಯ ಹಿರಿಯರು ಹತ್ತಿಯ ಸಣ್ಣ ಫಾಯಾ ಒಂದನ್ನು ಖಸ್‌ನಲ್ಲಿ (ಲಾವಂಚದ ಅತ್ತರಿನಲ್ಲಿ) ಅದ್ದಿ, ಕೇಳದೆಯೇ ನನ್ನ ಕಿವಿಯ ಮಡಿಕೆಯಲ್ಲಿ ಇಟ್ಟರು. ಮರುದಿನ ಬೆಳಿಗ್ಗೆ ದಿಂಬಿನಲ್ಲಿಯೂ ಅದರ ಪರಿಮಳ ಉಳಿದಿತ್ತು. ಅಂದು ಹತ್ತಿದ ಹುಚ್ಚಿನಿಂದಾಗಿ ಈಗ ನನ್ನ ಬಳಿ 3 ಮಿ.ಲೀ.ನ ಹದಿನಾಲ್ಕು ಸೀಸೆಗಳಿವೆ: ಖಸ್ ಎರಡು, ಗುಲಾಬ್ ಮೂರು, ಹೀನಾ, ಶಮಾಮ, ಮಜ್ಮುವಾ, ಕೇವಡಾ, ಮೊಗ್ರಾ, ಊದ್, ಮಿಟ್ಟಿ, ಮತ್ತು "ಅಸಲಿ ಚಂದನ" ಎಂದು ಹೇಳಿ ಕೊಟ್ಟ ಎರಡು. ಮನೆಯವರ ಪ್ರಕಾರ ಇದು ಹವ್ಯಾಸವಲ್ಲ, ಖರ್ಚು.

ಸೀಸೆಗಳು ಹೆಚ್ಚಿದಂತೆ ಅನುಮಾನಗಳೂ ಹೆಚ್ಚಿವೆ. ಅಂಗಡಿಯಲ್ಲಿ ಬಲು ಸೊಗಸಾಗಿ ಕಂಡ ಗುಲಾಬ್, ಮನೆಗೆ ಬಂದು ಹಚ್ಚಿಕೊಂಡರೆ ಅರ್ಧ ಗಂಟೆಯಲ್ಲಿ ಸಾಬೂನಿನ ವಾಸನೆಯಾಗುತ್ತದೆ. ತಪ್ಪು ಅತ್ತರಿನದೋ ನನ್ನ ಮೂಗಿನದೋ ತಿಳಿಯದು. ಚಂದನವನ್ನು ತೊಲಕ್ಕೆ 300 ರೂಪಾಯಿಯಂತೆ ಕೊಟ್ಟಿದ್ದಾರೆ; ಆ ಬೆಲೆಗೆ ಅಸಲಿ ಚಂದನ ಬರುವುದು ಸಾಧ್ಯವೇ? ಮೊದಲ ಮಳೆಯ ವಾಸನೆ ಎಂದು ಹೇಳುವ ಮಿಟ್ಟಿ ಅತ್ತರಿನಲ್ಲಿ ನನಗೆ ನಮ್ಮ ಹೊಲದ ಮಳೆಯ ವಾಸನೆ ಸ್ವಲ್ಪವೂ ಸಿಗಲಿಲ್ಲ. ಕೊನೆಯದಾಗಿ, ಏಪ್ರಿಲ್ ಬಂದರೆ ಇಲ್ಲಿ 42–43 ಡಿಗ್ರಿ ಬಿಸಿಲು. ಇವನ್ನೆಲ್ಲ ಎಲ್ಲಿ ಇಡುವುದು? ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಉತ್ತರ 1 — ಬಿದರಿ ಸೀಸೆ, ಬೀದರ್

ಮೇಷ್ಟ್ರೇ, ನಮಸ್ಕಾರ. ಬೆಲೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಮೂಗು ಬೇಡ, ಗುಣಾಕಾರ ಸಾಕು. ಶ್ರೀಗಂಧದ ಎಣ್ಣೆಯ ಬೆಲೆ ಕಿಲೋಗೆ ಒಂದು ಲಕ್ಷಕ್ಕಿಂತ ಎಷ್ಟೋ ಹೆಚ್ಚು. ಒಂದೇ ಲಕ್ಷ ಎಂದು ಉದಾರವಾಗಿ ಲೆಕ್ಕ ಹಿಡಿದರೂ ಗ್ರಾಮಿಗೆ 100 ರೂಪಾಯಿ ಆಗುತ್ತದೆ; ತೊಲ ಎಂದರೆ 11.66 ಗ್ರಾಂ; ಅಲ್ಲಿಗೆ ತೊಲಕ್ಕೆ 1,166 ರೂಪಾಯಿ ಬರಿಯ ಎಣ್ಣೆಗೇ ಬೀಳುತ್ತದೆ. 300 ರೂಪಾಯಿಗೆ ಕೊಟ್ಟವರು ಒಂದೋ ದಾನ ಮಾಡುತ್ತಿದ್ದಾರೆ, ಇಲ್ಲವೇ ಬೇರೆ ಏನನ್ನೋ ಕೊಟ್ಟಿದ್ದಾರೆ.

ಚಂದನದ ಬೆಲೆ ಏರಿದ್ದರಿಂದ ಚಂದನದ ಅತ್ತರು ಒಂದೇ ಕೆಟ್ಟದ್ದಲ್ಲ, ಎಲ್ಲ ಅತ್ತರುಗಳ ತಳವೇ ಬದಲಾಯಿತು ಎಂಬುದನ್ನು ಸಂಗ್ರಹ ಮಾಡುವವರು ಅರಿತಿರಬೇಕು. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ಉಳಿದಿರುವ ಹಳೆಯ ಪದ್ಧತಿ ಹೀಗಿದೆ: "ದೇಗ್" ಎಂಬ ತಾಮ್ರದ ದೊಡ್ಡ ಹಂಡೆಗೆ ಹೂವನ್ನೂ ನೀರನ್ನೂ ತುಂಬಿ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ, ಕೆಳಗೆ ಸೌದೆಯ ಬೆಂಕಿ ಹಾಕುತ್ತಾರೆ, ಆವಿಯು ಬಿದಿರಿನ ಕೊಳವೆಯಲ್ಲಿ ಹರಿದು, ತಣ್ಣೀರಿನ ತೊಟ್ಟಿಯಲ್ಲಿ ಕುಳಿತ "ಭಪ್ಕಾ" ಎಂಬ ಪಾತ್ರೆಯನ್ನು ಸೇರುತ್ತದೆ. ಆ ಭಪ್ಕಾದೊಳಗೆ ಮೊದಲೇ ಚಂದನದ ಎಣ್ಣೆ ಇರುತ್ತದೆ. ಹೂವಿನ ಪರಿಮಳವನ್ನು ಹಿಡಿದಿಟ್ಟುಕೊಳ್ಳುವುದು ಅದೇ. ತಣಿದ ಮೇಲೆ ನೀರನ್ನು ಬೇರ್ಪಡಿಸಿ, ಅದೇ ಎಣ್ಣೆಗೆ ಮರುದಿನ ಹೊಸ ಹೂವಿನ ಆವಿಯನ್ನು ಕುಡಿಸುತ್ತ, ಹೀಗೆ ಹಲವು ದಿನ ನಡೆಸುತ್ತಾರೆ. ಈಗ ಚಂದನದ ಜಾಗದಲ್ಲಿ ಲಿಕ್ವಿಡ್ ಪ್ಯಾರಾಫಿನ್ ಮುಂತಾದ ವಾಸನೆಯಿಲ್ಲದ ಅಗ್ಗದ ದ್ರವಗಳು ಬಂದಿವೆ. ನಿಮ್ಮ ಗುಲಾಬ್ ಅರ್ಧ ಗಂಟೆಯಲ್ಲಿ ಸಾಬೂನಾಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಮೇಲಿನ ಹೂವು ಹಾರಿಹೋದ ಮೇಲೆ ಮೈಮೇಲೆ ನಿಲ್ಲಬೇಕಾದದ್ದು ತಳದ ಚಂದನ. ಅದೇ ಇಲ್ಲದಿದ್ದರೆ ನಿಲ್ಲುವುದಕ್ಕೆ ಏನೂ ಇರುವುದಿಲ್ಲ. ಇನ್ನು ನೇರವಾದ ಗುಲಾಬಿ ತೈಲದ ಆಸೆ ಬೇಡ. ಅದರ ಒಂದು ಕಿಲೋಗೆ ಮೂರು ಸಾವಿರ ಕಿಲೋಗೂ ಹೆಚ್ಚು ಹೂವು ಬೇಕು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಶುದ್ಧ ಶ್ರೀಗಂಧದ ಎಣ್ಣೆಯು ತನ್ನ ಐದು ಪಟ್ಟು ಅಳತೆಯ, ಶೇ. 70ರ ಎಥೆನಾಲ್‌ನಲ್ಲಿ (ಮದ್ಯಸಾರದಲ್ಲಿ) ತಿಳಿಯಾಗಿ ಕರಗುತ್ತದೆ. ಅಡುಗೆಯ ಎಣ್ಣೆ, ಹರಳೆಣ್ಣೆ, ಪ್ಯಾರಾಫಿನ್ ಬೆರೆತಿದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಮಾತ್ರ ಬೇಡ, ಅದರಲ್ಲಿ ಬೇರೆ ಪದಾರ್ಥಗಳು ಬೆರೆತಿರುತ್ತವೆ. ಒಂದು ಎಚ್ಚರಿಕೆ: ಬೆಳ್ಳಗಾದರೆ ಕಲಬೆರಕೆ ಎನ್ನಬಹುದು, ಆದರೆ ತಿಳಿಯಾಗಿ ಉಳಿದರೆ ಶುದ್ಧ ಎನ್ನಲಾಗದು, ಏಕೆಂದರೆ ಮದ್ಯಸಾರದಲ್ಲಿ ಸಲೀಸಾಗಿ ಕರಗುವ ಕಲಬೆರಕೆಗಳೂ ಇವೆ. ಖಚಿತವಾಗಿ ಹೇಳುವುದು ಗ್ಯಾಸ್ ಕ್ರೊಮಟೋಗ್ರಫಿ, ಅಂದರೆ ಎಣ್ಣೆಯೊಳಗಿನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ಪರೀಕ್ಷೆ ಮಾತ್ರ. ಅಂತಾರಾಷ್ಟ್ರೀಯ ಮಾನಕದಂತೆ ಶ್ರೀಗಂಧದ ಎಣ್ಣೆಯಲ್ಲಿ ಅದರ ಮುಖ್ಯ ಘಟಕಗಳಾದ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಹೋಲಿಕೆಗೆಂದು ಒಂದು ನಂಬಿಕೆಯ ಮಾದರಿ ಬೇಕಿದ್ದರೆ, ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುವ ನಮ್ಮ ಸರ್ಕಾರಿ ಸಂಸ್ಥೆಯೇ ಶ್ರೀಗಂಧದ ಎಣ್ಣೆಯನ್ನು ಸಣ್ಣ ಸೀಸೆಯಲ್ಲಿ ಮಾರುತ್ತದೆ. ಅದೊಂದನ್ನು ಕೊಂಡು ಒಂದು ತಿಂಗಳು ಮೂಸಿ ನೋಡಿ. ಆಮೇಲೆ ಉಳಿದ ಎರಡು ಸೀಸೆಗಳು ತಾವಾಗಿಯೇ ತಪ್ಪೊಪ್ಪಿಕೊಳ್ಳುತ್ತವೆ.

ಉತ್ತರ 2 — ಸುರಪುರದವನು, ಯಾದಗಿರಿ ಜಿಲ್ಲೆ

ಬೀದರಿನ ಅಣ್ಣನವರ ಲೆಕ್ಕ ಸರಿಯಾಗಿದೆ, ಆದರೆ ಅಸಲಿ-ನಕಲಿಯ ಜಗಳವೇ ಹವ್ಯಾಸವಾಗಿಬಿಟ್ಟರೆ ಮೂಗಿಗೆ ಕೆಲಸ ಉಳಿಯುವುದಿಲ್ಲ. ನನ್ನಲ್ಲಿಯೂ ತೊಲಕ್ಕೆ 300 ರೂಪಾಯಿಯ ಚಂದನವಿದೆ. ಪ್ರಯೋಗಾಲಯದಲ್ಲಿ ತಯಾರಾದ ಪರಿಮಳ ಎಂಬುದು ಗೊತ್ತು, ಇಷ್ಟವೂ ಆಗಿದೆ, ಚೀಟಿಯ ಮೇಲೆ "ಚಂದನದಂಥದ್ದು" ಎಂದು ಬರೆದುಕೊಂಡಿದ್ದೇನೆ. ತಯಾರಿಸಿದ ಪರಿಮಳವನ್ನು ಆ ಹೆಸರಿನಲ್ಲಿಯೇ ಮಾರಿದರೆ ಅದರಲ್ಲಿ ಮೋಸವಿಲ್ಲ. "ಅಸಲಿ" ಎಂಬ ಒಂದು ಮಾತು ಸೇರಿದಾಗ ಮೋಸವಾಗುತ್ತದೆ.

ಉತ್ತರ 3 — ಕಲ್ಯಾಣದ ಅಕ್ಕ, ಬಸವಕಲ್ಯಾಣ

ಸುರಪುರದ ತಮ್ಮನ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಉಳಿದ ಅರ್ಧಕ್ಕೆ ಕಾರಣ ಕಸ್ತೂರಿ. ಚಂದನದಲ್ಲಿ ಮೋಸವಾದರೆ ಹೋಗುವುದು ದುಡ್ಡು ಮಾತ್ರ. "ಅಸಲಿ ಕಸ್ತೂರಿ" ಎಂದು ಯಾರಾದರೂ ಸೀಸೆ ಮುಂದಿಟ್ಟರೆ ಅದು ನಕಲಿಯಾಗಿರಲಿ ಎಂದು ಹಾರೈಸಬೇಕು, ಏಕೆಂದರೆ ಕಸ್ತೂರಿಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ತಿಮಿಂಗಿಲದಿಂದ ಬರುವ ಅಂಬರಿನ ವ್ಯಾಪಾರವೂ ನಮ್ಮ ದೇಶದಲ್ಲಿ ಅಪರಾಧ. ಊದ್ ಬರುವ ಅಗರು ಮರಕ್ಕೂ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧಗಳಿವೆ. ಮರಕ್ಕೆ ಬೂಷ್ಟು ತಗುಲಿ, ಅದರ ಗಾಯಕ್ಕೆ ಮರವೇ ಸುರಿಸಿದ ರಾಳ ಕಟ್ಟಿಗೆಯಲ್ಲಿ ತುಂಬಿದರಷ್ಟೇ ಊದ್ ಆಗುವುದು. ರೋಗವಿಲ್ಲದ ಮರದ ಕಟ್ಟಿಗೆಗೆ ಆ ವಾಸನೆಯೇ ಇಲ್ಲ. ಹಾಗಾಗಿ ಮೇಷ್ಟ್ರ ಪಟ್ಟಿಯ ಊದ್ 3 ಮಿ.ಲೀ.ಗೆ ಎಷ್ಟು ಬಿತ್ತು ಎಂದು ಕೇಳಬೇಕೆನಿಸಿತು, ಆದರೆ ಮನೆಯವರೂ ಇದನ್ನು ಓದುತ್ತಿರಬಹುದೆಂದು ಸುಮ್ಮನಾದೆ.

ಮೂಸಿ ನೋಡುವ ಕ್ರಮದ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ ನಿಂತು ಹತ್ತು ಸೀಸೆ ಮೂಸುವುದು ಊರಜಾತ್ರೆಯಲ್ಲಿ ನಿಂತು ಹಾಡು ಕೇಳಿದಂತೆ. ಮೂರನೆಯದಕ್ಕೇ ಮೂಗು ಸೋಲುತ್ತದೆ. ನಡುವೆ ಕಾಫಿ ಬೀಜ ಮೂಸಲು ಕೊಡುವ ಪದ್ಧತಿ ದೊಡ್ಡ ಊರಿನ ಅಂಗಡಿಗಳಲ್ಲಿದೆ. ಅದಕ್ಕಿಂತ ಹೊರಗೆ ಬಂದು ಬರಿಯ ಗಾಳಿ ಎಳೆದುಕೊಳ್ಳುವುದು, ಇಲ್ಲವೇ ಏನೂ ಹಚ್ಚದ ನಮ್ಮದೇ ಮೊಣಕೈ ಮಡಿಕೆಯನ್ನು ಮೂಸುವುದು ಒಳ್ಳೆಯದು. ನಾನು ಡ್ರಾಯಿಂಗ್ ಹಾಳೆಯನ್ನು ಬೆರಳಗಲ ಕತ್ತರಿಸಿ ಪರ್ಸಿನಲ್ಲಿಯೇ ಇಟ್ಟಿರುತ್ತೇನೆ. ಅಂಗಡಿಯಲ್ಲಿ ಕಾಗದಕ್ಕೆ ಮಾತ್ರ ಹಚ್ಚಿಸಿಕೊಂಡು, ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಮನೆಗೆ ತರುತ್ತೇನೆ. ಅವುಗಳಲ್ಲಿ ಗೆದ್ದದ್ದನ್ನು ಮಾತ್ರ ಮತ್ತೊಂದು ದಿನ ಹೋಗಿ ಮೈಗೆ ಹಚ್ಚಿಸಿಕೊಳ್ಳುತ್ತೇನೆ, ದಿನಕ್ಕೆ ಎರಡು ಕೈಗೆ ಎರಡು, ಅಷ್ಟೇ. ಐದು ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ, ಮರುದಿನ ಬೆಳಿಗ್ಗೆಗೆ ಏನನಿಸಿತೆಂದು ವಹಿಯಲ್ಲಿ ಬರೆಯುತ್ತೇನೆ. ಬರೆಯುವಾಗ "ಚೆನ್ನಾಗಿದೆ" ಎಂಬ ಪದವನ್ನು ನಿಷೇಧಿಸಿಕೊಂಡಿದ್ದೇನೆ. ನನ್ನ ಖಸ್‌ನ ಪುಟದಲ್ಲಿ "ಕೂಲರ್‌ಗೆ ಹೊಸ ಲಾವಂಚದ ತಡಿಕೆ ಹಾಕಿ ಮೊದಲ ಸಲ ನೀರು ಬಿಟ್ಟ ಮಧ್ಯಾಹ್ನ" ಎಂದಿದೆ, ಶಮಾಮದ ಪುಟದಲ್ಲಿ "ಮಸಾಲೆ ಡಬ್ಬಿ, ಕೆಳಗಡೆ ಹಳೆಯ ಪೆಟ್ಟಿಗೆಯ ರೇಷ್ಮೆ ಸೀರೆ" ಎಂದಿದೆ. ಆರು ತಿಂಗಳ ನಂತರ ಓದಿದರೂ ಆ ವಾಸನೆ ಎದುರಿಗೆ ಬಂದು ನಿಲ್ಲುತ್ತದೆ. ಹೊಸ ಅತ್ತರನ್ನು ಕುತ್ತಿಗೆಗೆ ಹಚ್ಚುವ ಮೊದಲು ಮುಂಗೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಿರಿ. ನನಗೆ ಒಮ್ಮೆ ತುರಿಕೆ ಎದ್ದು ವಾರವಿಡೀ ಸೆರಗು ಹೊದ್ದು ಓಡಾಡಬೇಕಾಯಿತು.

ಅಂದಹಾಗೆ, ಈ ಹುಚ್ಚು ನಮ್ಮ ಭಾಗಕ್ಕೆ ಹೊಸದಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ಮೈಗೆ ಲೇಪಿಸುವ ಸುಗಂಧಗಳಿಗೇ ಒಂದು ಪ್ರತ್ಯೇಕ ಭಾಗವನ್ನು ಮೀಸಲಿಟ್ಟಿದ್ದಾನೆ. ಮೇಷ್ಟ್ರು ಮನೆಯಲ್ಲಿ ಇದನ್ನು ಸಾಕ್ಷಿಯಾಗಿ ಬಳಸಿಕೊಳ್ಳಬಹುದು.

ಉತ್ತರ 4 — ಫರಸಿಕಲ್ಲು, ಶಹಾಬಾದ

ಇಡುವ ಜಾಗದ ಬಗ್ಗೆ ಹೇಳುತ್ತೇನೆ. ಅತ್ತರಿಗೆ ಶತ್ರುಗಳು ಬಿಸಿಲು, ಬೆಳಕು, ಗಾಳಿ. ನಮ್ಮದು ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ. ಉತ್ತರ ದಿಕ್ಕಿನ ಕೋಣೆಯ ಗೂಡಿನಲ್ಲಿ, ಬಟ್ಟೆ ಸುತ್ತಿದ ಮರದ ಪೆಟ್ಟಿಗೆಯೊಳಗೆ ಇಡುತ್ತೇನೆ. ಸಿಮೆಂಟ್ ಮನೆಯವರು ನೆಲಮಟ್ಟದ ಕಪಾಟಿನ ಕೆಳಖಾನೆಯಲ್ಲಿ ಇಡಲಿ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ, ಸ್ಕೂಟರಿನ ಡಿಕ್ಕಿಯಲ್ಲಿ ಖಂಡಿತ ಬೇಡ. ಫ್ರಿಜ್ಜಿನಲ್ಲಿ ಇಟ್ಟರೆ ಕೆಡುವುದಿಲ್ಲ, ಆದರೆ ದಿನಕ್ಕೊಮ್ಮೆ ಹೊರತೆಗೆದು ಒಳಗಿಟ್ಟರೆ ಸೀಸೆಯೊಳಗೆ ತೇವ ಸೇರುತ್ತದೆ. ನನ್ನ ಹಳೆಯ ಗುಲಾಬ್ ಒಂದು ಹೀಗೆಯೇ ಮಬ್ಬಾಯಿತು.

ಸೀಸೆ ಗಾಜಿನದೇ ಇರಲಿ, ಒಳಗೆ ಅದ್ದುವ ಕಡ್ಡಿಯೂ ಗಾಜಿನದಿರಲಿ. ಡ್ರಾಪರಿನ ರಬ್ಬರ್ ಕೆಲವೇ ತಿಂಗಳಲ್ಲಿ ಮೆತ್ತಗಾಗಿ ತನ್ನ ವಾಸನೆಯನ್ನೂ ಬಿಡುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಅತ್ತರು ತಾಗಿದರೆ ಪೆನ್ನಿನ ಶಾಯಿ ಹರಡಿ ಹೆಸರೇ ಅಳಿಸುತ್ತದೆ. ಅರ್ಧ ಖಾಲಿಯಾದದ್ದನ್ನು ಸಣ್ಣ ಸೀಸೆಗೆ ಇಳಿಸಿ, ಒಳಗೆ ಗಾಳಿ ಕಡಿಮೆಯಾಗುತ್ತದೆ. ಚಂದನ, ಖಸ್, ಊದ್ ವರ್ಷಗಟ್ಟಲೆ ಇರುತ್ತವೆ, ಇಟ್ಟಷ್ಟೂ ಮೃದುವಾಗುತ್ತವೆ. ನಿಂಬೆ ಜಾತಿಯ ಪರಿಮಳಗಳನ್ನು ಮೊದಲು ಮುಗಿಸಿ.

ಮಿಟ್ಟಿ ಅತ್ತರಿನ ವಿಚಾರದಲ್ಲಿ ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಅದನ್ನು ಹೊಲದ ಮಣ್ಣಿನಿಂದ ಮಾಡುವುದಿಲ್ಲ. ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳನ್ನು ದೇಗ್‌ನಲ್ಲಿ ಹಾಕಿ ಭಟ್ಟಿ ಇಳಿಸುತ್ತಾರೆ. ನಮ್ಮ ಹೊಲದ್ದು ಎರೆಮಣ್ಣು, ಅದರ ಮಳೆವಾಸನೆಯಲ್ಲಿ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲು ದೊಡ್ಡದು. ಬಿಲ್ಲೆ ಸುಡುವಾಗಲೇ ಆ ಜೀವಿಗಳು ಸತ್ತಿರುತ್ತವೆ. ಹಾಗಾಗಿ ಮಳೆಯನ್ನು ಮರೆತು, ಬೇಸಿಗೆಯಲ್ಲಿ ತಂದ ಹೊಸ ಗಡಿಗೆಗೆ ಮೊದಲ ಸಲ ನೀರು ತುಂಬಿದ ಗಳಿಗೆಯನ್ನು ನೆನೆದು ಒಮ್ಮೆ ಮೂಸಿ ನೋಡಿ.

ಮರುಉತ್ತರ — ಕಾಲೇಜು ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ಗಡಿಗೆಯ ಮಾತು ಅಕ್ಷರಶಃ ಸರಿ. ಕಣ್ಣು ಮುಚ್ಚಿ ಮೂಸಿದೆ, ನಮ್ಮ ಅಜ್ಜಿಯ ಮನೆಯ ನೀರಿನ ಕಟ್ಟೆ ಕಂಡಿತು. ಮೂರು ತಿಂಗಳು ಆ ಸೀಸೆಯನ್ನು ಸುಮ್ಮನೆ ಬೈದಿದ್ದೆ.

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ನಗುತ್ತಲೇ ಎಥೆನಾಲ್ ಅಳೆದು ಕೊಟ್ಟರು. ಎರಡು ಚಂದನಗಳಲ್ಲಿ ಒಂದು ಹನಿ ಬಿದ್ದ ಕೂಡಲೇ ಮಜ್ಜಿಗೆಯಂತಾಯಿತು. ಮತ್ತೊಂದು ತಿಳಿಯಾಗಿಯೇ ಉಳಿಯಿತು, ಆದರೆ ಬೀದರಿನ ಅಣ್ಣನವರ ಎಚ್ಚರಿಕೆ ನೆನಪಿದ್ದುದರಿಂದ ಹಿಗ್ಗಲಿಲ್ಲ. ಎರಡರ ಚೀಟಿಯನ್ನೂ ಕಿತ್ತು, ಪೆನ್ಸಿಲಿನಲ್ಲಿ ಒಂದಕ್ಕೆ "ಚಂದನದಂಥದ್ದು" ಎಂದೂ ಮತ್ತೊಂದಕ್ಕೆ "ಚಂದನ, ಅಂಗಡಿಯವರ ಮಾತಿನಂತೆ" ಎಂದೂ ಬರೆದಿದ್ದೇನೆ.

ನಿನ್ನೆ ಆ ಮೊದಲ ಫಾಯಾ ಕೊಟ್ಟ ಹಿರಿಯರ ಅಂಗಡಿಗೆ ಹೋಗಿ, "ಚಾಚಾ, ಈ ಹೀನಾದ ತಳದಲ್ಲಿ ಯಾವ ಎಣ್ಣೆ ಇದೆ?" ಎಂದು ಕೇಳಿದೆ. ಅವರು ನನ್ನನ್ನು ಕ್ಷಣಕಾಲ ನೋಡಿ, ಕೈಯಲ್ಲಿದ್ದ ಸೀಸೆಯನ್ನು ಮರಳಿ ಸಾಲಿನಲ್ಲಿಟ್ಟು, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಬೇರೊಂದು ತಟ್ಟೆ ತೆಗೆದರು. ಬೆಲೆ ನಾಲ್ಕು ಪಟ್ಟು. ಕಾಗದದ ಪಟ್ಟಿಗೆ ಹಚ್ಚಿಸಿಕೊಂಡು ಬಂದಿದ್ದೇನೆ. ಇಪ್ಪತ್ತು ಗಂಟೆಯಾಯಿತು, ವಹಿಯಲ್ಲಿ ಎರಡನೆಯ ಪುಟ ನಡೆಯುತ್ತಿದೆ. ಹೀನಾ ಚಳಿಗಾಲದ ಅತ್ತರು, ಈಗಲೇ ಅವಸರ ಬೇಡ ಎಂದು ಅವರೇ ಹೇಳಿ ಕಳುಹಿಸಿದರು.