ಅಪ್‌ಡೇಟ್: ಅವ್ವನ ಬೆನ್ನಿನ ಆಪರೇಷನ್ ಮತ್ತು ಬೆಟಾಡಿನ್ ಪ್ರಶ್ನೆ

ಗದಗಿನಲ್ಲಿರುವ ಅವ್ವನಿಗೆ ಹುಬ್ಬಳ್ಳಿಯಲ್ಲಿ ಬೆನ್ನಿಗೆ ಸ್ಕ್ರೂ, ರಾಡ್ ಹಾಕುತ್ತಾರೆ, ಗಾಯದ ಒಳಗೂ ಬೆಟಾಡಿನ್‌ನಿಂದ ತೊಳೆಯುತ್ತಾರಂತೆ, ನರಕ್ಕೆ ತೊಂದರೆ ಆಗಲ್ವಾ ಅಂತ ಕೇಳಿದ್ದೆ. ಆಪರೇಷನ್ ಆಯಿತು. ಗಾಯ ಒಣಗಿದೆ, ಜ್ವರ ಇಲ್ಲ, ವಾಕರ್ ಹಿಡಿದು ಓಡಾಡುತ್ತಿದ್ದಾಳೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಡಾಕ್ಟರು ಸಮಾಧಾನದಿಂದ ವಿವರಿಸಿದರು. ಬಾಟಲಿಯ ಬೆಟಾಡಿನ್ ಹಾಗೇ ಸುರಿಯುವುದಿಲ್ಲ. ಸಲೈನ್ ಬೆರೆಸಿ, ಬೆಟಾಡಿನ್‌ನಲ್ಲಿರುವ ಔಷಧಿ ಪೊವಿಡೋನ್ ಅಯೋಡಿನ್ ಶೇ. 0.35ರಷ್ಟು ಮಾತ್ರ ಇರುವ ಹಾಗೆ ತೆಳು ಮಾಡಿ, ಸುಮಾರು 3 ನಿಮಿಷ ಬಿಟ್ಟು, ಆಮೇಲೆ ಬರೀ ಸಲೈನ್‌ನಿಂದ ಚೆನ್ನಾಗಿ ತೊಳೆಯುತ್ತಾರೆ. ನರದ ಸುತ್ತಲಿನ ಪೊರೆ ಹರಿದಿದ್ದರೆ ಬಳಸುವುದಿಲ್ಲವಂತೆ. ಹೊಲಿಗೆಗೆ ಮೊದಲು ಹೀಗೆ ತೊಳೆಯುವುದನ್ನು ಯೋಚಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2016ರ ಸೂಚನೆಯಲ್ಲೂ ಇದೆ.

ಇಷ್ಟೆಲ್ಲ ಯಾಕೆ ಅಂದರೆ, ಬ್ಯಾಕ್ಟೀರಿಯಾ ಲೋಹದ ಮೇಲೆ ಕೂತರೆ ಪಾಚಿಯ ಹಾಗೆ ಪದರ ಕಟ್ಟುತ್ತದೆ, ಆಮೇಲೆ ಆ್ಯಂಟಿಬಯೋಟಿಕ್ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಮತ್ತೆ ಗಾಯ ತೆರೆಯಬೇಕಾಗುತ್ತದೆ.

ಸ್ಪಿರಿಟ್ ಇರುವ ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ಕ್ರಿಮಿನಾಶಕ ಔಷಧಿ ಕೊಯ್ಯುವ ಮೊದಲು ಚರ್ಮಕ್ಕೆ ಹಚ್ಚಲು ಮಾತ್ರ. ನರಕ್ಕೆ ತಾಗಬಾರದು. ಹಚ್ಚಿದ ಮೇಲೆ ಪೂರ್ತಿ ಒಣಗಲೇಬೇಕು, ಇಲ್ಲದಿದ್ದರೆ ಕಾಟರಿಯ (ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಉಪಕರಣ) ಕಿಡಿಗೆ ಬೆಂಕಿ ಹತ್ತಬಹುದು. ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಯ್ಯುವ ಮೊದಲೇ ಕೊಟ್ಟರು, ನನಗೆ ಅದು ಜಾಸ್ತಿ ಮುಖ್ಯ ಅನಿಸಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಅಥವಾ ಬೆಟಾಡಿನ್ ಅಲರ್ಜಿ ಇದ್ದರೆ ದಯವಿಟ್ಟು ಮೊದಲೇ ಡಾಕ್ಟರಿಗೆ ಹೇಳಿ.