ತೆರೆದ ಫೈಲ್‌ಗಳ ಮಿತಿ ಏರಿಸಿದರೂ ಸರ್ವಿಸ್ 1024ರಲ್ಲೇ ನಿಂತಿದೆ

ಪ್ರಶ್ನೆ: ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುತ್ತೇನೆ. ಬೆಳಗ್ಗೆ ಲಾರಿಗಳು ಸಾಲು ನಿಂತ ಹೊತ್ತಿಗೇ ಸರ್ವಿಸ್ 'ಟೂ ಮೆನಿ ಓಪನ್ ಫೈಲ್ಸ್' (ತೆರೆದ ಫೈಲ್‌ಗಳು ಮಿತಿ ಮೀರಿವೆ) ಅಂತ ನಿಂತುಬಿಡುತ್ತದೆ, ತೂಕದ ಚೀಟಿ ಹಿಡಿದ ರೈತರು ಬಿಸಿಲಲ್ಲಿ ಕಾಯಬೇಕು, ನೋಡೋಕಾಗಲ್ಲ. ಲಿನಕ್ಸ್‌ನಲ್ಲಿ ಇಂಥ ಮಿತಿ ಬರೆಯುವ ಲಿಮಿಟ್ಸ್ ಡಾಟ್ ಕಾನ್ಫ್ ಫೈಲ್‌ನಲ್ಲಿ 65536 ಹಾಕಿದೆ. ರೀಬೂಟೂ ಮಾಡಿದೆ. ಏನೂ ಬದಲಾಗಿಲ್ಲ.

ಉತ್ತರ 1: ಆ ಫೈಲ್ ಲಾಗಿನ್ ಆದವರಿಗೆ ಮಾತ್ರ ಸರ್, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಶುರು ಮಾಡುವ ಸರ್ವಿಸ್‌ಗೆ ಅದು ಲೆಕ್ಕಕ್ಕಿಲ್ಲ. 'ಸಿಸ್ಟಮ್‌ಸಿಟಿಎಲ್ ಎಡಿಟ್' ಕಮಾಂಡಿಗೆ ನಿಮ್ಮ ಸರ್ವಿಸ್ ಹೆಸರು ಸೇರಿಸಿ ಕೊಟ್ಟು, ಸರ್ವಿಸ್ ವಿಭಾಗದ ಕೆಳಗೆ 'ಲಿಮಿಟ್‌ನೋಫೈಲ್=65536' ಬರೆದು ರೀಸ್ಟಾರ್ಟ್ ಮಾಡಿ.

ಉತ್ತರ 2: ಮಿತಿ ಏರಿಸಿ ಸುಮ್ನಾಗಬೇಡಿ. ತೆರೆದ ಫೈಲ್ ಮುಚ್ಚದೇ ಬಿಡುತ್ತಿದ್ದರೆ ಅದೂ ತುಂಬುತ್ತದೆ ಅಲ್ವಾ? ಪ್ರೊಕ್ ಫೋಲ್ಡರ್ ಒಳಗೆ ನಿಮ್ಮ ಸರ್ವಿಸ್‌ನ ಪ್ರೊಸೆಸ್ಸಿಗೆ ಎಫ್‌ಡಿ ಅನ್ನೋ ಫೋಲ್ಡರ್ ಇರುತ್ತದೆ, ಅದು ತೆರೆದಿರುವ ಫೈಲ್‌ಗಳ ಪಟ್ಟಿ; ಅದರಲ್ಲಿ ಎಷ್ಟಿವೆ ಎಣಿಸಿ.

ಪ್ರಶ್ನೆ ಕೇಳಿದವರು: ಎಣಿಸಿದೆ. ಪ್ರತಿ ಚೀಟಿಗೂ ಒಂದು ಪಿಡಿಎಫ್ ತೆರೆದೇ ಉಳಿದಿದೆ! ಇವತ್ತೇ ಕೋಡ್ ಸರಿಮಾಡುತ್ತೇನೆ.